ಮನೆಯ ಸುತ್ತಲಿನ ಕಣಜಗಳು: ಗುರುತು, ಗೂಡು, ಸಹವಾಸ – ಪದೇ ಪದೇ ಕೇಳುವ ಪ್ರಶ್ನೆಗಳು

ಕಣಜ, ಕಡಜ, ಕಣಜದ ಹುಳ – ಹೆಸರು ಯಾವುದೇ ಇರಲಿ, ಕಂಡ ಕೂಡಲೇ ಕೈ ಹೋಗುವುದು ಪೊರಕೆಯ ಕಡೆಗೆ. ಪೊರಕೆ ಎತ್ತುವ ಮೊದಲು ಎರಡು ನಿಮಿಷ ನಿಂತು ಗೂಡನ್ನು ನೋಡಿ ಎನ್ನುವುದೇ ನಮ್ಮ ಕೋರಿಕೆ. ಗೂಡು ಮಣ್ಣಿನದೋ ಕಾಗದದ್ದೋ, ತೆರೆದಿದೆಯೋ ಮುಚ್ಚಿದೆಯೋ, ಅಲ್ಲಿರುವುದು ಒಂದೇ ಹುಳವೋ ಹಿಂಡೋ ಎಂದು ತಿಳಿದರೆ, ಏನು ಮಾಡಬೇಕು ಎಂಬುದರ ಮುಕ್ಕಾಲು ಪಾಲು ತೀರ್ಮಾನವಾದ ಹಾಗೆ.

ಇದು ಕಣಜವೋ, ಜೇನೋ, ನೊಣವೋ? ಹೇಗೆ ಹೇಳುವುದು?

ಮೊದಲು ಸೊಂಟ ನೋಡಿ. ಕಣಜದ ಎದೆಗೂ ಹೊಟ್ಟೆಗೂ ನಡುವೆ ಸೊಂಟ ಸಣ್ಣಗೆ ಹಿಂಡಿದಂತಿರುತ್ತದೆ, ಕೆಲವದರಲ್ಲಿ ದಾರದ ಎಳೆಯಷ್ಟೇ. ಮೈ ನುಣುಪು, ಹೊಳಪು. ಜೇನಿನ ಮೈತುಂಬ ರೋಮ, ಹಿಂಗಾಲಿನಲ್ಲಿ ಎಷ್ಟೋ ಸಲ ಪರಾಗದ ಉಂಡೆ. ಕಣಜ ಕಾಲಿನಲ್ಲಿ ಪರಾಗದ ಉಂಡೆ ಹೊರುವುದಿಲ್ಲ. ಕಾಗದದ ಗೂಡು ಕಟ್ಟುವ ಕಣಜ ಹಾರುವಾಗ ಉದ್ದನೆಯ ಹಿಂಗಾಲುಗಳು ಕೆಳಗೆ ಜೋತಾಡುತ್ತವೆ. ಕುಳಿತಾಗ ರೆಕ್ಕೆಯನ್ನು ಉದ್ದಕ್ಕೆ ಮಡಿಸಿಕೊಳ್ಳುವುದರಿಂದ ರೆಕ್ಕೆ ಬರೀ ಕಡ್ಡಿಯ ಹಾಗೆ ಕಾಣುತ್ತದೆ.

ಹಳದಿ–ಕಪ್ಪು ಪಟ್ಟೆ ಇದ್ದ ಮಾತ್ರಕ್ಕೆ ಕಣಜ ಅಲ್ಲ. ಹೂವಿನ ಮುಂದೆ ಗಾಳಿಯಲ್ಲೇ ಅಲ್ಲಾಡದೆ ನಿಂತು, ತಟ್ಟನೆ ಪಕ್ಕಕ್ಕೆ ಸರಿದು ಮತ್ತೆ ನಿಲ್ಲುವ ಹುಳವೊಂದಿದೆ. ಅದು ವೇಷ ಹಾಕಿದ ನೊಣ. ಕಣಜಕ್ಕೆ ನಾಲ್ಕು ರೆಕ್ಕೆಯಾದರೆ ಇದಕ್ಕೆ ಎರಡೇ. ಮುಖದ ತುಂಬ ಕಣ್ಣು, ಇದೆಯೋ ಇಲ್ಲವೋ ಎನ್ನುವಷ್ಟು ಗಿಡ್ಡ ಮೀಸೆ. ಇದಕ್ಕೆ ಕೊಂಡಿಯೇ ಇಲ್ಲ.

ಎಲ್ಲ ಕಣಜವೂ ಕುಟುಕುತ್ತದೆಯೇ?

ಇಲ್ಲ. ಕೊಂಡಿ ಎನ್ನುವುದು ಮೊಟ್ಟೆ ಇಡುವ ನಳಿಕೆಯೇ ಬದಲಾಗಿ ಆದದ್ದು. ಹಾಗಾಗಿ ಗಂಡು ಯಾವುದೂ ಕುಟುಕಲಾರದು. ಹೆಣ್ಣುಗಳಲ್ಲೂ ಒಂಟಿಯಾಗಿ ಬದುಕುವ ಜಾತಿಗಳಿಗೆ ಕೊಂಡಿ ಬೇಟೆಯ ಉಪಕರಣ. ಕೈಯಲ್ಲಿ ಹಿಡಿದು ಹಿಸುಕಿದರೆ, ಬಟ್ಟೆಯೊಳಗೆ ಸಿಕ್ಕಿಕೊಂಡರೆ ಕುಟುಕೀತು, ಅಟ್ಟಿಸಿಕೊಂಡು ಬರುವುದಿಲ್ಲ. ಮನುಷ್ಯರ ಮೇಲೆ ಏರಿ ಬರುವುದು ಗುಂಪಾಗಿ ಮರಿ ಸಾಕುವ ಜಾತಿಗಳು, ಅದೂ ಗೂಡಿಗೆ ಅಪಾಯ ಎನಿಸಿದಾಗ. ಜೇನಿನ ಮುಳ್ಳು ಚರ್ಮದಲ್ಲಿ ಸಿಕ್ಕಿ ಉಳಿಯುತ್ತದೆ, ಜೇನು ಸಾಯುತ್ತದೆ. ಕಣಜದ ಕೊಂಡಿ ಸಾಮಾನ್ಯವಾಗಿ ಸಲೀಸಾಗಿ ಹೊರಬರುತ್ತದೆ. ಒಂದೇ ಕಣಜ ನಾಲ್ಕಾರು ಸಲ ಚುಚ್ಚಬಲ್ಲದು.

ಗೂಡು ನೋಡಿ ಗುರುತಿಸುವುದು ಹೇಗೆ?

ಹುಳ ಹಾರುತ್ತಲೇ ಇರುತ್ತದೆ, ಗೂಡು ನಿಂತಲ್ಲೇ ಇರುತ್ತದೆ. ಸಾಧ್ಯವಾದರೆ ದೂರದಿಂದ ಮೊಬೈಲಿನಲ್ಲಿ ಜೂಮ್ ಮಾಡಿ ಒಂದು ಫೋಟೋ ತೆಗೆದುಕೊಳ್ಳಿ.

ಗೋಡೆ ಮೂಲೆಯಲ್ಲಿ, ಫ್ಯಾನಿನ ಬಟ್ಟಲಿನ ಮೇಲೆ, ಫೋಟೋ ಚೌಕಟ್ಟಿನ ಹಿಂದೆ ಯಾರೋ ಮುಷ್ಟಿ ಮಣ್ಣು ಮೆತ್ತಿದ ಹಾಗಿದ್ದರೆ ಅದು ಮಣ್ಣು ಮೆತ್ತುವ ಕಣಜದ್ದು. ಒಳಗೆ ಸುಮಾರು 1 ಸೆಂಟಿಮೀಟರ್ ಅಗಲ, 2.5 ಸೆಂಟಿಮೀಟರ್ ಉದ್ದದ ಕೊಳವೆಗಳು ಒಂದರ ಪಕ್ಕ ಒಂದು ಇರುತ್ತವೆ. ಕೊನೆಗೆ ಎಲ್ಲದರ ಮೇಲೂ ಒಂದು ಪದರ ಮಣ್ಣು. ಕಟ್ಟಿದವಳು ಒಬ್ಬಳೇ: ಕಪ್ಪು ಮೈ, ಹಳದಿ ಬೆರೆತ ಕಾಲು, ದಾರದಂಥ ಸೊಂಟ.

ಗಿಡದ ಕಡ್ಡಿಗೋ ಕಿಟಕಿಯ ಸರಳಿಗೋ ಗೋಲಿ ಗಾತ್ರದ, ಅಂಚು ಹೊರಚಾಚಿದ ಪುಟ್ಟ ಮಡಕೆ ಅಂಟಿದ್ದರೆ ಅದು ಕುಂಬಾರ ಕಣಜ. ಇದೂ ಒಂಟಿ.

ಕಿಟಕಿ ಚೌಕಟ್ಟಿನ ತೂತು, ಸ್ಕ್ರೂ ಬಿಚ್ಚಿದ ಜಾಗ, ಪೈಪಿನ ತುದಿ – ಇಂಥ ಕಡೆ ಮಣ್ಣಿನ ಬಿರಡೆ ಅಥವಾ ಒಣಹುಲ್ಲಿನ ಕುಚ್ಚು ಕಂಡರೆ ಅದೂ ಒಂಟಿ ಕಣಜದ್ದೇ. ಹಸಿರು ಎಲೆಯನ್ನು ಗುಂಡಗೆ ಕತ್ತರಿಸಿ ತುರುಕಿದ್ದರೆ ಅದು ಕಣಜವಲ್ಲ, ಎಲೆ ಕತ್ತರಿಸುವ ಜೇನು.

ಸಜ್ಜಾದ ಕೆಳಗೆ, ಬಾಲ್ಕನಿಯ ಮೂಲೆಯಲ್ಲಿ ತಲೆಕೆಳಗಾದ ಕೊಡೆಯಂತೆ ಒಂದೇ ಕಾಂಡದಿಂದ ಜೋತುಬಿದ್ದ ಬೂದು ಬಣ್ಣದ ತಟ್ಟಿ, ಅದರ ತುಂಬ ಕೆಳಮುಖವಾಗಿ ತೆರೆದ ಆರು ಮೂಲೆಯ ಕೋಣೆಗಳು, ಮೇಲೆ ಹುಳಗಳು ಕುಳಿತಿರುವುದು ನೇರವಾಗಿ ಕಾಣುತ್ತಿದೆ. ಇದು ಕಾಗದದ ಕಣಜ. ಒಣಗಿ ಬೂದಾದ ಮರವನ್ನು ಹೆರೆದು, ನಾರನ್ನು ಎಂಜಲಿನಲ್ಲಿ ಅಗಿದು ಮಾಡಿದ ನಿಜವಾದ ಕಾಗದ ಅದು. ಇಲ್ಲಿ ಸಂಸಾರವಿದೆ, ಕಾವಲಿದೆ.

ಚೆಂಡಿನ ಅಥವಾ ಹಂಡೆಯ ಆಕಾರ, ಹೊರಗೆಲ್ಲ ಕಾಗದದ ಹೊದಿಕೆ, ಹೊದಿಕೆಯ ಮೇಲೆ ಕಂದು–ಬಿಳಿ ಅಲೆಯಂಥ ಪಟ್ಟೆಗಳು, ಸಾಮಾನ್ಯವಾಗಿ ಒಂದೇ ಬಾಗಿಲು. ಕಣ್ಣಿಗೆ ಕಾಣುವುದು ಬಾಗಿಲಲ್ಲಿರುವ ಒಂದೆರಡು ಹುಳ, ಒಳಗೆ ನೂರಾರು. ಇದು ದೊಡ್ಡ ಕಣಜದ (ಹಾರ್ನೆಟ್) ಗೂಡು. ಮನೆಯ ಹತ್ತಿರ ನಿಜಕ್ಕೂ ಹೆದರಬೇಕಾದದ್ದು ಇದಕ್ಕೆ, ಮತ್ತು ನೆಲದೊಳಗೋ ಗೋಡೆಯ ಪೊಳ್ಳಿನಲ್ಲೋ ಇರುವ ಇಂಥದೇ ಹಿಂಡಿಗೆ.

ನೆಲದ ತೂತಿನ ವಿಷಯದಲ್ಲಿ ಮೋಸಹೋಗುವುದು ಸುಲಭ. ಒಂಟಿ ಕಣಜವೂ ನೆಲ ತೋಡುತ್ತದೆ, ತೂತಿನ ಪಕ್ಕ ಮಣ್ಣಿನ ಪುಡಿ ಗುಡ್ಡೆ ಹಾಕುತ್ತದೆ. 5–6 ಮೀಟರ್ ದೂರ ನಿಂತು ಒಂದೇ ತೂತನ್ನು ಒಂದು ನಿಮಿಷ ನೋಡಿ. ಒಂದೇ ಹುಳ ಆಗಾಗ ಬಂದು ಹೋದರೆ ಒಂಟಿಯದು. ಒಂದರ ಹಿಂದೆ ಒಂದು ಎಡೆಬಿಡದೆ ಒಳಹೊರಗೆ ಓಡಾಡಿದರೆ ಹಿಂಡಿನದು. ಸದ್ದಿಲ್ಲದೆ ಹಿಂದೆ ಸರಿಯಿರಿ.

ಮೇಣದ ಎರಿ ಕಂಡರೆ, ಅದರ ಮೇಲೆ ಹುಳಗಳು ಪರದೆಯ ಹಾಗೆ ದಟ್ಟವಾಗಿ ಮುಚ್ಚಿಕೊಂಡಿದ್ದರೆ ಅದು ಜೇನು. ಅದಕ್ಕೆ ಕರೆಯಬೇಕಾದದ್ದು ಜೇನು ಸಾಕುವವರನ್ನು.

ಮೂಲೆಯಿಂದ "ಝೀಂ" ಎಂದು ಜೋರು ಸದ್ದು ಬರುತ್ತಿದೆ. ಮೈಮೇಲೆ ಬೀಳಲು ಸಿದ್ಧವಾಗಿದೆಯೇ?

ಅದು ಗಾರೆ ಕೆಲಸದ ಸದ್ದು. ಮಣ್ಣು ಮೆತ್ತುವ ಕಣಜ ಹಸಿ ಮಣ್ಣಿನ ಉಂಡೆಯನ್ನು ಬಾಯಲ್ಲಿ ಒತ್ತಿಹಿಡಿದು, ಎದೆಯ ಸ್ನಾಯುಗಳನ್ನು ಅದುರಿಸುತ್ತದೆ. ಆ ನಡುಕಕ್ಕೆ ಮಣ್ಣು ಮೆದುವಾಗಿ ಹರಡಿಕೊಂಡು ಹಳೆಯ ಪದರಕ್ಕೆ ಬೆಸೆದುಕೊಳ್ಳುತ್ತದೆ. ಹತ್ತಿರದಿಂದ ನೋಡಿದರೆ ಬಿಲ್ಲು ಬಾಗಿದಂಥ ಒಂದೊಂದು ಒದ್ದೆ ಪಟ್ಟಿಯೂ ಕಣ್ಣೆದುರೇ ಬಣ್ಣ ಬಿಟ್ಟು ಒಣಗುವುದು ಕಾಣುತ್ತದೆ. ಸದ್ದು ನಿಂತಿತೆಂದರೆ ಅವಳು ಮಣ್ಣಿಗೆ ಹೋದಳು ಎಂದರ್ಥ.

ಮಣ್ಣಿನ ಗೂಡಿನೊಳಗೆ ಏನಿರುತ್ತದೆ?

ಕುಂಬಾರ ಕಣಜದ ಒಂದು ಮಡಕೆಯನ್ನು ತೆಗೆದುಕೊಳ್ಳಿ. ಅವಳು ಮೊದಲು ಹೊಟ್ಟೆ ತುಂಬ ನೀರು ಕುಡಿದು, ಒಣಮಣ್ಣಿನ ಮೇಲೆ ಅದನ್ನು ಉಗುಳಿ, ಕಲಸಿ, ಉಂಡೆ ಕಟ್ಟಿ ತರುತ್ತಾಳೆ. ಉಂಡೆಯನ್ನು ಪಟ್ಟಿಯಾಗಿ ಎಳೆದು ಸುತ್ತಿಗೆ ಸುತ್ತು ಏರಿಸುತ್ತಾಳೆ. ಒಳಗೂ ಹೊರಗೂ ಮೀಸೆ ತಾಗಿಸುತ್ತ ಗೋಡೆಯ ಬಾಗನ್ನು ಅಳೆಯುತ್ತಿರುತ್ತಾಳೆ. ಮಡಕೆ ಮುಗಿದ ಮೇಲೆ ಹೊಟ್ಟೆಯ ತುದಿಯನ್ನು ಬಾಯೊಳಗೆ ಇಳಿಸಿ, ಒಳಗೋಡೆಯಿಂದ ಒಂದು ಎಳೆಯಲ್ಲಿ ಜೋತುಬಿಟ್ಟ ಹಾಗೆ ಒಂದೇ ಒಂದು ಮೊಟ್ಟೆ ಇಡುತ್ತಾಳೆ. ಆಮೇಲೆ ಶುರು ಬೇಟೆ. ಗಿಡಗಳ ಎಲೆ ತಿನ್ನುವ ಹುಳುಗಳನ್ನು ಕುಟುಕಿ ನಿಶ್ಚಲಗೊಳಿಸಿ ತಂದು ಒಂದೊಂದಾಗಿ ತುರುಕಿ, ಬಾಯಿ ಮುಚ್ಚುತ್ತಾಳೆ. ಹುಳುಗಳು ಸತ್ತಿರುವುದಿಲ್ಲ, ಹಾಗಾಗಿ ಕೊಳೆಯುವುದಿಲ್ಲ. ಮೊಟ್ಟೆಯೊಡೆದ ಮರಿ ಅವನ್ನು ತಿಂದು, ಕೋಶಕಟ್ಟಿ, ಕೊನೆಗೆ ಗೋಡೆ ಕೊರೆದು ರೆಕ್ಕೆ ಬಿಚ್ಚಿ ಹೊರಡುತ್ತದೆ.

ಕೀಟ–ಭ್ರಮರ ನ್ಯಾಯದ ಮೂಲ ಇಲ್ಲೇ ಇದೆ. ಹುಳುವನ್ನು ಒಳಗಿಟ್ಟು ಮುಚ್ಚಿದ್ದನ್ನು, ಝೇಂಕಾರವನ್ನು, ಕೊನೆಗೆ ರೆಕ್ಕೆಯ ಹುಳ ಹೊರಬಂದದ್ದನ್ನು ನೋಡಿದವರು, ಹುಳುವೇ ಧ್ಯಾನಿಸಿ ಧ್ಯಾನಿಸಿ ಭ್ರಮರವಾಯಿತು ಎಂದುಕೊಂಡರು. ಕಂಡದ್ದು ಸರಿ, ನಡುವಿನ ಮೊಟ್ಟೆಯೊಂದು ಕಣ್ಣಿಗೆ ಬಿದ್ದಿರಲಿಲ್ಲ.

ಮಣ್ಣು ಮೆತ್ತುವ ಕಣಜದ ಕೊಳವೆಯಲ್ಲಿ ಎಲೆಹುಳುವಿನ ಬದಲು ಜೇಡಗಳಿರುತ್ತವೆ. ಒಂದೊಂದು ಕೋಣೆಗೂ ಹತ್ತಾರು ಸಣ್ಣ ಜೇಡ. ಬಿದ್ದ ಗೂಡಿನಿಂದ ಜೇಡಗಳು ಉದುರಿದರೆ ಗಾಬರಿ ಬೇಡ, ಅವು ಓಡಲಾರವು.

ಮಣ್ಣಿನ ಗೂಡು ತೆಗೆಯಬಹುದೇ? ಗೋಡೆಗೆ ಕಲೆಯಾಗದ ಹಾಗೆ ಹೇಗೆ?

ಅವಸರವಿಲ್ಲದಿದ್ದರೆ ಕಾಯಿರಿ. ಗೂಡಿನ ಮೇಲೆ ಪೆನ್ಸಿಲ್ ಗಾತ್ರದ ದುಂಡು ತೂತುಗಳು ಬಿದ್ದಿದ್ದರೆ ಮರಿಗಳು ಹಾರಿಹೋಗಿವೆ, ಅದು ಖಾಲಿ ಮನೆ. ಬೆಚ್ಚಗಿನ ಹವೆಯಲ್ಲಿ ಇದಕ್ಕೆ ಕೆಲವು ವಾರ ಸಾಕು. ಚಳಿ ನಾಡುಗಳಲ್ಲಿ ಮರಿ ಚಳಿಗಾಲವಿಡೀ ಒಳಗೇ ಮಲಗಿ ಬೇಸಿಗೆಗೆ ಏಳುತ್ತದೆ.

ತೆಗೆಯುವಾಗ ಗೂಡನ್ನು ನೆನೆಸಬೇಡಿ. ಬಹಳ ಜನ ಇಲ್ಲೇ ತಪ್ಪುತ್ತಾರೆ: ನೀರು ಹಾಕಿದರೆ ಮಣ್ಣು ಕೆಸರಾಗಿ ಬಣ್ಣದೊಳಗೆ ಇಳಿದು ಕಲೆ ನಿಲ್ಲುತ್ತದೆ. ಒಣಗಿದ್ದಾಗಲೇ ಪುಟ್ಟಿ ಬ್ಲೇಡನ್ನು ಗೋಡೆಗೆ ಚಪ್ಪಟೆಯಾಗಿ ಒರಗಿಸಿ, ಗೂಡಿನ ಅಂಚಿನ ಕೆಳಗೆ ಸ್ವಲ್ಪ ಸ್ವಲ್ಪವೇ ತೂರಿಸಿ. ಗೂಡು ಬಿಲ್ಲೆಯ ಹಾಗೆ ಒಟ್ಟಿಗೆ ಕಳಚಿ ಬರುತ್ತದೆ. ಉಳಿದ ಪುಡಿಯನ್ನು ಒಣ ಬ್ರಷ್ಷಿನಿಂದ ಉದುರಿಸಿ, ಕೊನೆಯಲ್ಲಿ ಮಾತ್ರ ಹಿಂಡಿದ ಸ್ಪಂಜಿನಿಂದ ಒರೆಸಿ. ತೂತಿಲ್ಲದ ಗೂಡನ್ನು ತೆಗೆಯಲೇಬೇಕಾಗಿ ಬಂದರೆ ಒಡೆಯದೆ ತೆಗೆದು, ಮಳೆ ಬೀಳದ, ಇರುವೆ ಹತ್ತದ ಜಾಗದಲ್ಲಿಡಿ. ಕೋಣೆಗಳು ಬಿರುಕು ಬಿಡದಿದ್ದರೆ ಮರಿ ಬದುಕಿಕೊಳ್ಳುತ್ತದೆ.

ಹಾಗಾದರೆ ಮಣ್ಣಿನ ಕಣಜದಿಂದ ತೊಂದರೆಯೇ ಇಲ್ಲವೇ?

ಒಂದಿದೆ, ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಅವು ತೂತು ಮುಚ್ಚುತ್ತವೆ. ಗ್ಯಾಸ್ ಗೀಸರಿನ ಹೊಗೆ ಕೊಳವೆ, ಒಲೆಯ ಬರ್ನರ್, ಎಸಿಯ ನೀರು ಹೋಗುವ ಪೈಪು, ಬೀಗದ ಕಿಂಡಿ, ಬಳಸದ ಪ್ಲಗ್ಗಿನ ತೂತು, ತೋಟದ ಪೈಪಿನ ತುದಿ. 1996ರ ಫೆಬ್ರವರಿ 6ರಂದು ಡೊಮಿನಿಕನ್ ಗಣರಾಜ್ಯದ ಪ್ಯೂರ್ಟೊ ಪ್ಲಾಟಾದಿಂದ ಹೊರಟ ಬೋಯಿಂಗ್ 757 ವಿಮಾನ ಸಮುದ್ರಕ್ಕೆ ಬಿದ್ದು 189 ಜನ ತೀರಿಕೊಂಡರು. ವೇಗ ಅಳೆಯುವ ಕೊಳವೆಯೊಂದು ಮುಚ್ಚಿಹೋಗಿತ್ತು. ಹಲವು ದಿನ ಮುಸುಕು ಹಾಕದೆ ನಿಲ್ಲಿಸಿದ್ದಾಗ ಮಣ್ಣಿನ ಕಣಜ ಅದರಲ್ಲಿ ಗೂಡು ಕಟ್ಟಿರುವ ಸಂಭವವೇ ಹೆಚ್ಚು ಎಂದು ತನಿಖೆ ನಡೆಸಿದವರು ಹೇಳಿದರು.

ಮನೆಯಲ್ಲಿ ಮಾಡಬೇಕಾದ್ದು ಸುಲಭ. ನೀರಿನ ಪೈಪಿನ ತುದಿಗೂ ಗಾಳಿಕಿಂಡಿಗೂ 2–3 ಮಿಲಿಮೀಟರ್ ಕಣ್ಣಿನ ತಂತಿ ಜಾಲರಿ, ಬಳಸದ ಪ್ಲಗ್ಗಿಗೆ ಮುಚ್ಚಳ, ಸ್ಕ್ರೂ ತೂತಿಗೆ ಪುಟ್ಟಿ. ಗ್ಯಾಸ್ ಉಪಕರಣದ ಹೊಗೆ ಕೊಳವೆಗೆ ಮಾತ್ರ ನೀವಾಗಿ ಜಾಲರಿ ಬಿಗಿಯಬೇಡಿ, ಅದರ ತಯಾರಕರು ಕೊಡುವ ಟೋಪಿಯನ್ನೇ ಹಾಕಿಸಿ. ಕೆಲವು ವಾರ ಬಳಸದೆ ಬಿಟ್ಟ ಗೀಸರನ್ನು ಮತ್ತೆ ಹಚ್ಚುವ ಮೊದಲು ಕೊಳವೆಯ ಬಾಯಿ ನೋಡಿ. ಮುಚ್ಚಿದ್ದರೆ ವಿಷಗಾಳಿ ಕೋಣೆಯೊಳಗೇ ತುಂಬುತ್ತದೆ.

ಬಾಲ್ಕನಿಯಲ್ಲಿ ಕಾಗದದ ಕಣಜ ಗೂಡು ಕಟ್ಟಿದೆ. ಬಿಡಬಹುದೇ?

ಎಲ್ಲಿದೆ ಎನ್ನುವುದರ ಮೇಲೆ. ಓಡಾಡುವ ದಾರಿಯಿಂದ 2 ಮೀಟರಿಗಿಂತ ದೂರ, ತಲೆಗಿಂತ ಸಾಕಷ್ಟು ಮೇಲೆ ಇದ್ದು, ಯಾರ ಕೈಯೂ ಬಟ್ಟೆ ಹರವುವ ಕೋಲೂ ತಾಗದಂತಿದ್ದರೆ ಬಿಡಿ. ಒಂದು ಗೂಡಿನಲ್ಲಿ ಸಾಮಾನ್ಯವಾಗಿ ಹತ್ತಾರು ಹುಳಗಳಷ್ಟೇ ಇರುತ್ತವೆ, ಅವು ದಿನವಿಡೀ ನಿಮ್ಮ ಗಿಡಗಳ ಎಲೆಹುಳು ಹೆಕ್ಕುತ್ತವೆ. ಬಾಗಿಲ ಚೌಕಟ್ಟು, ಕೈಪಿಡಿ ಕಂಬಿ, ಮೀಟರ್ ಪೆಟ್ಟಿಗೆ, ಗೇಟಿನ ಚಿಲಕ, ಮಕ್ಕಳು ಆಡುವ ಜಾಗ – ಇಲ್ಲಿದ್ದರೆ ಬಿಡಬಾರದು. ಮನೆಯಲ್ಲಿ ಕಣಜದ ವಿಷಕ್ಕೆ ಅಲರ್ಜಿ ಇರುವವರಿದ್ದರಂತೂ ಲೆಕ್ಕಾಚಾರವೇ ಬೇರೆ, ತೆಗೆಸಿಬಿಡಿ.

ಬಿಟ್ಟ ಮೇಲೆ ಅವುಗಳ ಭಾಷೆ ಕಲಿಯಿರಿ. ನೀವು ಹತ್ತಿರ ಹೋದಾಗ ಮೊದಲು ಎಲ್ಲ ಮುಖಗಳೂ ನಿಮ್ಮ ಕಡೆ ತಿರುಗುತ್ತವೆ. ಆಮೇಲೆ ಮುಂಗಾಲು ಎತ್ತಿ, ಮೈ ಸೆಟೆದು, ರೆಕ್ಕೆಯನ್ನು ಮೇಲಕ್ಕೆ ಎತ್ತಿ ಹಿಡಿಯುತ್ತವೆ. ಮೂರನೆಯದು ರೆಕ್ಕೆ ಪಟಪಟಿಸುವುದು, ತಟ್ಟಿಯ ಮೇಲೆ ಅತ್ತಿತ್ತ ಧಾವಿಸುವುದು. ಮೊದಲ ಹಂತದಲ್ಲೇ ನಿಂತು, ಬಂದ ದಾರಿಯಲ್ಲೇ ನಿಧಾನ ಹಿಂದೆ ಸರಿದರೆ ವಿಷಯ ಅಲ್ಲಿಗೇ ಮುಗಿಯುತ್ತದೆ. ಅವನ್ನು ಕೆರಳಿಸುವುದು ನಡುಕ, ನೇರ ಉಸಿರು ಮತ್ತು ತಟ್ಟನೆಯ ಚಲನೆ. ಗೂಡಿರುವ ಗೋಡೆಗೆ ಮೊಳೆ ಹೊಡೆಯಬೇಡಿ, ಡ್ರಿಲ್ ಹಾಕಬೇಡಿ, ಆ ಕಿಟಕಿಯನ್ನು ಬಡಿದು ಮುಚ್ಚಬೇಡಿ.

ಗೂಡು ಇನ್ನೂ ಸಣ್ಣದಿದೆ. ಈಗಲೇ ಏನು ಮಾಡಬಹುದು?

ಇದೇ ಸರಿಯಾದ ಸಮಯ. ನಾಣ್ಯದಷ್ಟು ಅಗಲ, ಐದರಿಂದ ಹತ್ತು ಕೋಣೆ, ಒಂದೋ ಎರಡೋ ಹುಳ. ಈ ಹಂತದಲ್ಲಿ ಅವು ಕಾದಾಡುವುದಕ್ಕಿಂತ ಬಿಟ್ಟುಹೋಗುವುದೇ ಹೆಚ್ಚು. ಬಿಸಿಲು ಏರಿದ ಮೇಲೆ ಹುಳ ಆಹಾರಕ್ಕೆ ಹೊರಟಾಗ, ಗೂಡು ಖಾಲಿ ಇರುವುದನ್ನು ಖಚಿತಪಡಿಸಿಕೊಂಡು ಉದ್ದ ಕೋಲಿನಿಂದ ಬೀಳಿಸಿ. ಅಂಟಿಕೊಂಡ ಕಾಂಡವನ್ನು ಹೆರೆದು ತೆಗೆದು, ಸಾಬೂನು ನೀರಿನಿಂದ ಉಜ್ಜಿ ಒರೆಸಿ. ಎರಡು ಮೂರು ದಿನ ಅವಳು ಮತ್ತೆ ಅಲ್ಲೇ ಶುರುಮಾಡಬಹುದು. ಪ್ರತಿದಿನ ನೋಡಿ ತೆಗೆಯುತ್ತಿದ್ದರೆ ಬೇರೆ ಜಾಗ ಹುಡುಕಿಕೊಳ್ಳುತ್ತಾಳೆ. ಕೊಲ್ಲುವ ಅಗತ್ಯವೇ ಬೀಳುವುದಿಲ್ಲ.

ಹಾಗಾಗಿ ಗೂಡು ಕಟ್ಟುವ ಕಾಲದಲ್ಲಿ ವಾರಕ್ಕೊಮ್ಮೆ ಸಜ್ಜಾ, ಏಣಿ ಮೆಟ್ಟಿಲಿನ ಅಡಿ, ಕುರ್ಚಿ–ಬೆಂಚಿನ ಅಡಿ, ನಿಲ್ಲಿಸಿಟ್ಟ ಸೈಕಲ್ಲು, ನೇತುಹಾಕಿದ ಹೆಲ್ಮೆಟ್ ಇವನ್ನು ಕಣ್ಣಾಡಿಸಿ. ಕುರ್ಚಿ ಎತ್ತುವಾಗ ಅಡಿಯಲ್ಲಿ ಕೈ ಹಾಕಿ ಕುಟುಕಿಸಿಕೊಳ್ಳುವುದು ತೀರಾ ಸಾಮಾನ್ಯ.

ಗೂಡು ದೊಡ್ಡದಾಗಿದೆ, ಹೊದಿಕೆ ಇದೆ. ನಾವೇ ತೆಗೆಯಬಹುದೇ?

ಬೇಡ. ಇದರಲ್ಲಿ ರಾಜಿ ಇಲ್ಲ. ಹೊದಿಕೆಯಿರುವ ಗೂಡು, ನೆಲದೊಳಗಿನ ಹಿಂಡು, ಗೋಡೆ ಪೊಳ್ಳಿನ ಹಿಂಡು – ಮೂರಕ್ಕೂ ತರಬೇತಿ ಮತ್ತು ಪೂರ್ತಿ ಮೈ ಮುಚ್ಚುವ ಉಡುಪು ಇರುವವರೇ ಬೇಕು. ಕೀಟ ನಿಯಂತ್ರಣದವರಿಗೆ ಫೋನ್ ಮಾಡುವಾಗ ಫೋಟೋ, ನೆಲದಿಂದ ಎತ್ತರ, ಕೆಳಗೆ ಜನರ ಓಡಾಟ ಎಷ್ಟು ಎಂಬುದನ್ನು ತಿಳಿಸಿ. ಅವರು ಬರುವವರೆಗೆ ಸುತ್ತ 10 ಮೀಟರಿಗೆ ಹಗ್ಗ ಕಟ್ಟಿ, ಆ ಕಡೆಯ ಕಿಟಕಿ ಮುಚ್ಚಿ, ನಾಯಿಯನ್ನು ಒಳಗೆ ಕಟ್ಟಿ, ಹುಲ್ಲು ಕತ್ತರಿಸುವ ಯಂತ್ರ ಓಡಿಸಬೇಡಿ. ಊರಾಚೆಯ ಮರದ ತುದಿಯಲ್ಲಿ, ಯಾರಿಗೂ ಎಟುಕದಲ್ಲಿದ್ದರೆ ಬಿಡುವುದೇ ಸರಿ.

ಜನ ಮಾಡುವ ತಪ್ಪುಗಳೂ ಅವು ಕೈಕೊಡುವ ಕಾರಣವೂ ಗೊತ್ತಿರಲಿ. ಬೆಂಕಿಯ ಪಂಜು ಹಿಡಿದರೆ ಗೂಡು ಉರಿಯುವ ಮೊದಲೇ ಹುಳ ಹೊರಗಿರುತ್ತವೆ, ಸೂರಿಗೂ ಬೆಂಕಿ ತಗಲುತ್ತದೆ. ತೂತಿಗೆ ಪೆಟ್ರೋಲ್ ಸುರಿದರೆ ನೆಲ ಕೆಡುತ್ತದೆ, ಒಂದು ಕಿಡಿ ಸಾಕು. ಗೋಡೆಯ ಕಿಂಡಿಗೆ ಸಿಮೆಂಟ್ ಬಡಿದರೆ ಒಳಗಿನವು ಬೇರೆ ದಾರಿ ಹುಡುಕುತ್ತ ಕೋಣೆಯೊಳಗೇ ಹೊರಬರಬಹುದು. ಕಲ್ಲು ಹೊಡೆಯುವುದರ ಬಗ್ಗೆ ಹೇಳಬೇಕಾಗಿಯೇ ಇಲ್ಲ. ಏಣಿ ಹತ್ತಿದವರಿಗಂತೂ ಕುಟುಕಿಗಿಂತ ಬೀಳುವುದೇ ದೊಡ್ಡ ಗಾಯ. ಇನ್ನೊಂದು ಮಾತು: ಗೂಡಿನ ಹತ್ತಿರ ಒಂದು ದೊಡ್ಡ ಕಣಜವನ್ನು ಜಜ್ಜಿದರೆ ಅದರ ವಿಷದ ವಾಸನೆಯೇ ಉಳಿದವಕ್ಕೆ ಯುದ್ಧದ ಕರೆ.

ಮನೆಯೊಳಗೆ ಬಂದ ಒಂದು ಕಣಜವನ್ನು ಹೊರಗೆ ಕಳಿಸುವುದು ಹೇಗೆ?

ಹಗಲಾದರೆ ಒಳಗಿನ ದೀಪ, ಫ್ಯಾನು ಆರಿಸಿ, ಒಂದೇ ಕಿಟಕಿ ಪೂರ್ತಿ ತೆರೆದು ಉಳಿದವಕ್ಕೆ ಪರದೆ ಎಳೆಯಿರಿ. ಬೆಳಕಿನ ಕಡೆಗೆ ತಾನೇ ಹೋಗುತ್ತದೆ. ಗಾಜಿಗೆ ಬಡಿದುಕೊಳ್ಳುತ್ತಿದ್ದರೆ ಅಗಲ ಬಾಯಿಯ ಲೋಟ ಕವುಚಿ, ಗಾಜಿಗೂ ಲೋಟಕ್ಕೂ ನಡುವೆ ದಪ್ಪ ಕಾಗದ ತೂರಿಸಿ, ಹೊರಗೆ ತೆಗೆದುಕೊಂಡು ಹೋಗಿ ಬಿಡಿ. ರಾತ್ರಿ ದೀಪಕ್ಕೆ ಬಂದದ್ದಾದರೆ ಒಳಗೆ ಕತ್ತಲು ಮಾಡಿ ಹೊರಗಿನ ದೀಪ ಹಾಕಿ. ವಾಹನ ಓಡಿಸುವಾಗ ಒಳಗೆ ಕಂಡರೆ ಕೈ ಬೀಸಬೇಡಿ. ಪಕ್ಕಕ್ಕೆ ನಿಲ್ಲಿಸಿ ಎಲ್ಲ ಬಾಗಿಲು ತೆರೆಯಿರಿ.

ಹೊರಗೆ ಊಟಕ್ಕೆ ಕುಳಿತಾಗ ಸುತ್ತುವರಿಯುತ್ತವೆ. ಏಕೆ?

ಮಾಂಸದ ತುಣುಕು ಮರಿಗೆ, ಸಿಹಿ ತನಗೆ. ಹಿಂಡಿನ ಕಣಜಗಳಲ್ಲಿ ಮರಿಗಳು ತಿಂದದ್ದಕ್ಕೆ ಪ್ರತಿಯಾಗಿ ಸಿಹಿ ಜೊಲ್ಲು ಸುರಿಸುತ್ತವೆ, ದೊಡ್ಡವು ಅದನ್ನು ಕುಡಿದೇ ಬದುಕುತ್ತವೆ. ಋತುವಿನ ಕೊನೆಗೆ ಮರಿಗಳು ಕಡಿಮೆಯಾದಾಗ ಆ ಸಿಹಿ ನಿಲ್ಲುತ್ತದೆ, ಆಗ ನಿಮ್ಮ ತಟ್ಟೆಗೆ ಬರುತ್ತವೆ. ಪಾನೀಯಕ್ಕೆ ಮುಚ್ಚಳ ಹಾಕಿ, ಒಳಗೆ ಕಾಣದ ಡಬ್ಬಿಯಿಂದ ನೇರ ಕುಡಿಯಬೇಡಿ – ಗಂಟಲಲ್ಲಿ ಕುಟುಕಿಸಿಕೊಳ್ಳುವುದು ಹೀಗೆಯೇ. ಬಿದ್ದ ಹಣ್ಣು ಹೆಕ್ಕಿ, ಕಸದ ಬುಟ್ಟಿ ಮುಚ್ಚಿಡಿ. ಊದಿ ಓಡಿಸಬೇಡಿ.

ನಲ್ಲಿಯ ಬಳಿ ಸೇರುವುದು ನೀರಿಗಾಗಿ. ತೊಟ್ಟಿಕ್ಕುವ ನಲ್ಲಿ ಸರಿಮಾಡಿಸಿ, ಮನೆಯಿಂದ 5–6 ಮೀಟರ್ ದೂರದಲ್ಲಿ ಬೆಣಚುಕಲ್ಲು ಹಾಕಿದ ತಟ್ಟೆಯಲ್ಲಿ 1 ಸೆಂಟಿಮೀಟರ್ ನೀರಿಡಿ. ಸೊಳ್ಳೆ ಮರಿ ಹಾಕದಂತೆ ಎರಡು ದಿನಕ್ಕೊಮ್ಮೆ ಬದಲಿಸಿ.

ಹೊಳೆಯುವ ಹಸಿರು ಹುಳವೊಂದು ಜಿರಳೆಯನ್ನು ಮೀಸೆ ಹಿಡಿದು ಕರೆದೊಯ್ಯುತ್ತಿದೆ!

ಅದು ಪಚ್ಚೆ ಜಿರಳೆ ಕಣಜ, ಆಂಪುಲೆಕ್ಸ್ ಕಂಪ್ರೆಸ್ಸಾ. ಮೈ ಪಚ್ಚೆ, ಹಿಂದೊಡೆಗಳು ಕೆಂಪು. ಮೊದಲ ಕುಟುಕು ಎದೆಗೆ: ಜಿರಳೆಯ ಮುಂಗಾಲು ಕೆಲವು ನಿಮಿಷ ಸೋಲುತ್ತವೆ. ಎರಡನೆಯದು ನೇರ ತಲೆಗೆ: ನಡೆಯುವ ಶಕ್ತಿ ಉಳಿಯುತ್ತದೆ, ತಾನಾಗಿ ಹೆಜ್ಜೆಯಿಡುವ ಮನಸ್ಸು ಹೋಗುತ್ತದೆ. ಮೀಸೆಯನ್ನು ಅರ್ಧಕ್ಕೆ ಕತ್ತರಿಸಿ, ಹಗ್ಗ ಹಿಡಿದ ಹಾಗೆ ಬಿಲಕ್ಕೆ ನಡೆಸಿ, ಕಾಲಿಗೆ ಮೊಟ್ಟೆ ಅಂಟಿಸಿ, ಬಿಲಕ್ಕೆ ಕಲ್ಲು ಮುಚ್ಚುತ್ತದೆ.

ಗೋಡೆಯ ಮೇಲೆ ಓಡಾಡುತ್ತ ಪುಟ್ಟ ಹೊಟ್ಟೆಯನ್ನು ಬಾವುಟದಂತೆ ಮೇಲೆ ಕೆಳಗೆ ಆಡಿಸುವ ಕಪ್ಪು ಹುಳವೂ ಇದೇ ಸಾಲಿನದು, ಬಾವುಟ ಕಣಜ. ಇದು ಜಿರಳೆಯ ಮೊಟ್ಟೆ ಚೀಲದೊಳಗೆ ಮೊಟ್ಟೆ ಇಡುತ್ತದೆ. ಇದರ ಮರಿ ಚೀಲದೊಳಗಿನ ಜಿರಳೆ ಮೊಟ್ಟೆಗಳನ್ನೇ ತಿಂದು ಖಾಲಿ ಮಾಡುತ್ತದೆ. ಮನುಷ್ಯರ ತಂಟೆಗೆ ಬರುವುದಿಲ್ಲ. ಇದು ಮನೆಯಲ್ಲಿ ಕಂಡರೆ ಎಲ್ಲೋ ಜಿರಳೆಯ ಬಿಡಾರವಿದೆ ಎಂದು ತಿಳಿಯಿರಿ. ದಯವಿಟ್ಟು ಈ ಎರಡನ್ನೂ ಹೊಡೆಯಬೇಡಿ.

ಸುಳ್ಳು ಗೂಡು ನೇತುಹಾಕುವುದು, ಸಿಹಿ ಬಲೆ – ಇವು ಕೆಲಸ ಮಾಡುತ್ತವೆಯೇ?

ಜಾಗ ಬೇರೆ ಹಿಂಡಿನದು ಎಂದುಕೊಂಡು ಕಣಜ ದೂರ ಉಳಿಯಲಿ ಎಂದು ನೇತುಹಾಕುವ ಸುಳ್ಳು ಗೂಡನ್ನು ನಂಬಬೇಡಿ. ಕಾಗದದ ಕಣಜಗಳು ನಿಜವಾದ ಗೂಡಿನ ಪಕ್ಕದಲ್ಲೇ ಇನ್ನೊಂದು ಕಟ್ಟುವುದುಂಟು. ಸಿಹಿ ಇಟ್ಟು ಹಿಡಿಯುವ ಬಲೆ ಅಲ್ಲಿ ಇರದ ಕಣಜಗಳನ್ನೂ ಕರೆತರುತ್ತದೆ, ಜೊತೆಗೆ ಬೇರೆ ಹುಳಗಳನ್ನೂ ಕೊಲ್ಲುತ್ತದೆ. ಮರದ ಕಂಬ, ಬೇಲಿಗೆ ಬಣ್ಣ ಅಥವಾ ವಾರ್ನಿಷ್ ಬಳಿಯುವುದು ಇವೆರಡಕ್ಕಿಂತ ಮೇಲು, ಕಾಗದಕ್ಕೆ ನಾರು ಹೆರೆಯಲು ಆಗುವುದಿಲ್ಲ.

ಕುಟುಕಿದರೆ ತಕ್ಷಣ ಏನು ಮಾಡಬೇಕು?

ಮೊದಲು ಜಾಗ ಬಿಡಿ. ಹಿಂಡು ಎದ್ದಿದ್ದರೆ ಮುಖ, ಕತ್ತು ಮುಚ್ಚಿಕೊಂಡು ನೇರ ಓಡಿ, ಮುಚ್ಚಿದ ಬಾಗಿಲೊಳಗೆ ಸೇರಿಕೊಳ್ಳಿ. ನೀರಿಗೆ ಧುಮುಕಬೇಡಿ. ಉಂಗುರ, ಬಳೆ, ಗಡಿಯಾರ ಆ ಕೈಯಲ್ಲಿದ್ದರೆ ಊದುವ ಮೊದಲೇ ಬಿಚ್ಚಿ. ಸಾಬೂನು ನೀರಿನಿಂದ ತೊಳೆದು, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 10 ನಿಮಿಷ ಇಟ್ಟು, 10 ನಿಮಿಷ ಬಿಟ್ಟು, ಮತ್ತೆ ಇಡಿ. ಕೈಕಾಲಾದರೆ ಎತ್ತರಿಸಿಡಿ. ಮುಳ್ಳು ಉಳಿದಿದ್ದರೆ ಕುಟುಕಿದ್ದು ಜೇನು, ಉಗುರಿನಿಂದ ಕೂಡಲೇ ಕೆರೆದು ತೆಗೆಯಿರಿ. ನೋವಿಗೆ ಪ್ಯಾರಾಸಿಟಮಾಲ್, ತುರಿಕೆಗೆ ಸೆಟ್ರಿಜಿನ್‌ನಂಥ ಅಲರ್ಜಿ ಮಾತ್ರೆ ಆಗುತ್ತದೆ; ಮಕ್ಕಳಿಗೂ ಗರ್ಭಿಣಿಯರಿಗೂ ವೈದ್ಯರನ್ನು ಕೇಳಿಯೇ ಕೊಡಿ. ಸುಣ್ಣ, ಸೀಮೆಎಣ್ಣೆ, ವಿನೆಗರ್ ಹಚ್ಚುವುದರಿಂದ ಫಲವಿಲ್ಲ: ವಿಷ ಚರ್ಮದ ಒಳಗಿದೆ, ನೀವು ಹಚ್ಚಿದ್ದು ಮೇಲೆಯೇ ಉಳಿಯುತ್ತದೆ, ಸುಣ್ಣವಂತೂ ಚರ್ಮ ಸುಡುತ್ತದೆ.

ಊತ ಎರಡನೇ ದಿನ ಹೆಚ್ಚಾಗುವುದು ಸಹಜ. 10 ಸೆಂಟಿಮೀಟರಿಗಿಂತ ಅಗಲ ಊದಿಕೊಂಡು ಒಂದು ವಾರ ಉಳಿದರೂ ಅದು ಬಹುಪಾಲು ವಿಷದ ಪ್ರತಿಕ್ರಿಯೆಯೇ ಹೊರತು ಕೀವು ಅಲ್ಲ. ನಾಲ್ಕೈದು ದಿನದ ನಂತರ ನೋವು ಏರಿದರೆ, ಜ್ವರ ಬಂದರೆ ತೋರಿಸಿ.

ಯಾವಾಗ ಆಸ್ಪತ್ರೆಗೆ ಓಡಬೇಕು?

ಕುಟುಕಿದ ಜಾಗ ಬಿಟ್ಟು ಮೈಯ ಬೇರೆ ಕಡೆ ದದ್ದು, ತುಟಿ ಅಥವಾ ನಾಲಿಗೆ ಊತ, ದನಿ ಬದಲಾಗುವುದು, ಉಬ್ಬಸ, ವಾಂತಿ, ತಲೆಸುತ್ತು, ಕಣ್ಣು ಕತ್ತಲೆ. ಇವುಗಳಲ್ಲಿ ಯಾವುದು ಕಂಡರೂ ಆಂಬುಲೆನ್ಸ್ ಕರೆಯಿರಿ. ಇದು ನಿಮಿಷಗಳಲ್ಲಿ ಕೈಮೀರಬಹುದು. ಅಡ್ರಿನಲಿನ್ ಚುಚ್ಚುಮದ್ದಿನ ಪೆನ್ನನ್ನು ವೈದ್ಯರು ಮೊದಲೇ ಬರೆದುಕೊಟ್ಟಿದ್ದರೆ ಕಾಯದೆ ತೊಡೆಯ ಹೊರಬದಿಗೆ ಚುಚ್ಚಿ. ಮಲಗಿಸಿ ಕಾಲು ಎತ್ತರಿಸಿ. ಉಸಿರಾಟ ಕಷ್ಟವಾದರೆ ಕೂರಿಸಿ, ಆದರೆ ಎಬ್ಬಿಸಿ ನಡೆಸಬೇಡಿ. ಅಲರ್ಜಿ ಮಾತ್ರೆ ಅಡ್ರಿನಲಿನ್‌ಗೆ ಬದಲಿಯಲ್ಲ. ಚೇತರಿಸಿಕೊಂಡಂತೆ ಕಂಡರೂ ಆಸ್ಪತ್ರೆಗೆ ಹೋಗಲೇಬೇಕು, ಕೆಲವು ಗಂಟೆ ಬಿಟ್ಟು ಲಕ್ಷಣಗಳು ಮರಳಬಹುದು.

ಬಾಯಿ, ಗಂಟಲು ಅಥವಾ ಕಣ್ಣಿಗೆ ಕುಟುಕಿದ್ದರೆ ಅಲರ್ಜಿ ಇಲ್ಲದಿದ್ದರೂ ಹೋಗಿ. ಹತ್ತಕ್ಕಿಂತ ಹೆಚ್ಚು ಕುಟುಕು ಬಿದ್ದರೂ ಅಷ್ಟೇ, ಮಕ್ಕಳಿಗೆ ಅದಕ್ಕಿಂತ ಕಡಿಮೆಯಾದರೂ ಸರಿ. ದೊಡ್ಡ ಕಣಜದ ವಿಷ ಹೆಚ್ಚಾದರೆ ಒಂದೆರಡು ದಿನದಲ್ಲಿ ಮೂತ್ರಪಿಂಡಕ್ಕೆ ಪೆಟ್ಟು ಬೀಳಬಹುದು. ಮೂತ್ರ ಕಡುಕಂದು ಬಣ್ಣಕ್ಕೆ ತಿರುಗಿದರೆ, ಪ್ರಮಾಣ ಇಳಿದರೆ ಅದೇ ಸೂಚನೆ. ಒಮ್ಮೆ ತೀವ್ರ ಅಲರ್ಜಿ ಆದವರು ತಜ್ಞರನ್ನು ಕಾಣಿ. ಕಣಜದ ವಿಷವನ್ನೇ ಅತಿ ಸಣ್ಣ ಪ್ರಮಾಣದಿಂದ ಏರಿಸುತ್ತ 3ರಿಂದ 5 ವರ್ಷ ಕೊಡುವ ಚಿಕಿತ್ಸೆ ಇದೆ, ಬಹಳ ಜನರನ್ನು ಅದು ಕಾಪಾಡುತ್ತದೆ.

ಹಳೆಯ ಗೂಡಿಗೆ ಮುಂದಿನ ವರ್ಷ ಮತ್ತೆ ಬರುತ್ತವೆಯೇ?

ಹೊದಿಕೆಯ ಗೂಡನ್ನು ಬಿಟ್ಟುಹೋದ ಮೇಲೆ ಸಾಮಾನ್ಯವಾಗಿ ಮತ್ತೆ ಬಳಸುವುದಿಲ್ಲ. ಜಾಗ ಇಷ್ಟವಾದರೆ ಪಕ್ಕದಲ್ಲಿ ಹೊಸದು ಕಟ್ಟಬಹುದು. ಖಾಲಿ ಎಂದು ತೀರ್ಮಾನಿಸುವ ಮೊದಲು ಬೆಚ್ಚಗಿನ ಹಗಲಿನಲ್ಲಿ ಮೂರು ದಿನ ದೂರದಿಂದ ನೋಡಿ. ಚಳಿಗೆ ಅಲುಗಾಡದ ಗೂಡು ಖಾಲಿಯೇ ಆಗಿರಬೇಕೆಂದಿಲ್ಲ. ಮಣ್ಣಿನ ಹಳೆಗೂಡಿನ ಕೋಣೆಗಳನ್ನು ಬೇರೆ ಜಾತಿಯ ಕಣಜಗಳು ಸರಿಮಾಡಿ ಬಳಸಿಕೊಳ್ಳುತ್ತವೆ.

ಕುಂಡ ಸರಿಸಿದೆ. ಅಂದಿನಿಂದ ಒಂದು ಕಣಜ ಅದೇ ಜಾಗದಲ್ಲಿ ಸುತ್ತುತ್ತಿದೆ. ಏಕೆ?

ಅದು ತನ್ನ ಬಾಗಿಲು ಹುಡುಕುತ್ತಿದೆ. ಗೂಡು ಬಿಟ್ಟು ಹೊರಡುವಾಗ ಕಣಜ ಹಿಂದಿರುಗಿ ನೋಡುತ್ತ ಸುತ್ತು ಹಾಕಿ ಅಕ್ಕಪಕ್ಕದ ಗುರುತುಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳುತ್ತದೆ. 1973ರಲ್ಲಿ ನೊಬೆಲ್ ಪಡೆದ, ಪ್ರಾಣಿಗಳ ನಡವಳಿಕೆಯ ವಿಜ್ಞಾನಿ ನಿಕೋ ಟಿನ್‌ಬರ್ಗೆನ್ ಯುವಕನಾಗಿದ್ದಾಗ ಇದನ್ನು ತೋರಿಸಿಕೊಟ್ಟರು. ನೆಲ ತೋಡುವ ಕಣಜವೊಂದರ ಬಿಲದ ಸುತ್ತ ಪೈನ್ ಕಾಯಿಗಳನ್ನು ಬಳೆಯಂತೆ ಜೋಡಿಸಿ, ಅದು ಅಭ್ಯಾಸವಾದ ಮೇಲೆ, ಕಣಜ ಹೊರಗೆ ಹೋದಾಗ ಆ ಬಳೆಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದರು. ಮರಳಿ ಬಂದ ಕಣಜ ಕಾಯಿಗಳ ನಡುವೆ ಇಳಿದು ಹುಡುಕಿತು, ಪಕ್ಕದಲ್ಲೇ ತೆರೆದಿದ್ದ ತನ್ನ ಬಿಲ ಅದಕ್ಕೆ ಸಿಗಲಿಲ್ಲ.

ನಿಮ್ಮ ಕುಂಡವೂ ಅಂಥದೇ ಗುರುತು. ಅದರ ಹಿಂದೆಯೋ ಅಡಿಯಲ್ಲಿಯೋ ಗೂಡಿದೆಯೇ ನೋಡಿ, ಕುಂಡವನ್ನು ಮೊದಲಿದ್ದ ಜಾಗದಲ್ಲೇ, ಮೊದಲಿದ್ದ ಮುಖವಾಗಿಯೇ ಇಡಿ. ಕೆಲವು ಸುತ್ತು ಹಾಕಿ ಬಾಗಿಲು ಕಂಡುಕೊಳ್ಳುತ್ತದೆ.